ಸೊರಗಿದ ಗುಲಾಬಿಗೆ ಮರುಜೀವ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆ ಮುಂದೆ ಅಂಗಡಿ, ಹಿಂದೆ ವಾಸದ ಮನೆ, ನಡುವಿನ ಅಂಗಳದಲ್ಲಿ ಒಂದೆರಡು ಹೂಗಿಡ ಇರುವ ಮನೆಗಳುಂಟು. ತೊಗರಿ ಸುಗ್ಗಿ, ಮದುವೆ ಹಂಗಾಮಿನ ಗಡಿಬಿಡಿಯಲ್ಲಿ ಮೊದಲು ಮರೆತುಹೋಗುವುದು ಆ ಗಿಡವೇ. ನಾಲ್ಕೈದು ವರ್ಷ ಯಾರೂ ಕೈ ಹಚ್ಚದ ಗುಲಾಬಿ ಮುಳ್ಳಿನ ಪೊದೆಯಾಗಿ, ತುದಿಗೆ ಎರಡು ಸಣ್ಣ ಹೂ ಬಿಟ್ಟು ನಿಂತಿರುತ್ತದೆ. ಕಿರಿಯರು "ಕಿತ್ತು ಬಿಸಾಡೋಣ" ಎನ್ನುತ್ತಾರೆ. ಹಿರಿಯರು "ಹಸಿರಿಗೆ ಕತ್ತರಿ ಹಚ್ಚಿದರೆ ಹಿಂಸೆ, ಹಾಗೇ ಇರಲಿ" ಎನ್ನುತ್ತಾರೆ. ಎರಡು ಮಾತನ್ನೂ ವಿಚಾರ ಮಾಡಿ ನೋಡಬೇಕು.

ವನಸ್ಪತಿ ಏಕೇಂದ್ರಿಯ ಜೀವ. ಮನೆವಾರ್ತೆ ನಡೆಸುವ ಶ್ರಾವಕರು ಆರಂಭೀ ಹಿಂಸೆಯನ್ನು ಪೂರ್ತಿ ಬಿಡಲಾರರು. ಆದರೆ ಪ್ರಯೋಜನವಿಲ್ಲದ ಹಿಂಸೆ ಬೇಡವೆಂಬುದೇ ಅನರ್ಥದಂಡ ವ್ರತ. ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಪ್ರಮಾದಚರ್ಯೆ ಎಂದು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ ಬದುಕಿರುವ ಗಿಡವನ್ನು ಕಿತ್ತೆಸೆಯುವುದೇ ಪ್ರಮಾದ. ಒಣಗಿದ್ದನ್ನು ತೆಗೆದು ಉಳಿದುದಕ್ಕೆ ಬೆಳಕು, ಗಾಳಿ ಕೊಡುವುದು ಪಾಲನೆ.

ಯಾವಾಗ?

ಮಳೆಗಾಲದಲ್ಲಿ ಕತ್ತರಿಸಿದರೆ ಗಾಯಕ್ಕೆ ಬೂಷ್ಟು ತಗುಲಿ ಟೊಂಗೆ ತುದಿಯಿಂದ ಒಣಗುತ್ತ ಬರುತ್ತದೆ. ನಮ್ಮ ಭಾಗಕ್ಕೆ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ತಕ್ಕ ಕಾಲ. ಚಾತುರ್ಮಾಸದಲ್ಲಿ ಹಸಿರಿಗೆ ಕೈ ಹಚ್ಚದ ಮನೆಗಳವರು ದೀಪಾವಳಿ ಕಳೆಯುವವರೆಗೆ ಕಾದರೂ ಗಿಡಕ್ಕೆ ನಷ್ಟವಿಲ್ಲ. ಅಷ್ಟಮಿ, ಚತುರ್ದಶಿ ಬಿಟ್ಟು ಬೇರೆ ದಿನ ಹಿಡಿಯಿರಿ.

ಹೇಗೆ?

ಮೊದಲು ಗಿಡವನ್ನು ಸುತ್ತ ನೋಡಿ. ಹಕ್ಕಿಗೂಡು, ಕಣಜದ ಗೂಡು, ಇರುವೆ ಇದ್ದರೆ ಆ ಕೆಲಸ ಮುಂದೆ ಹಾಕಿ. ಟೊಂಗೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ಸತ್ತದ್ದನ್ನೆಲ್ಲ ಮೊದಲು ತೆಗೆಯಿರಿ. ಆಮೇಲೆ ಒಂದಕ್ಕೊಂದು ಉಜ್ಜುವ ಎರಡರಲ್ಲಿ ಬಡಕಲನ್ನು ತೆಗೆಯಿರಿ. ಉಳಿದ ಗಟ್ಟಿ ಟೊಂಗೆಗಳನ್ನು ಅರ್ಧಕ್ಕೆ ಇಳಿಸಿ. ಹೊರಮುಖವಾದ ಕಣ್ಣಿನ ಕಾಲು ಅಂಗುಲ ಮೇಲೆ, ಓರೆಯಾಗಿ, ಹರಿತವಾದ ಕತ್ತರಿಯಿಂದ ಒಂದೇ ಸಲಕ್ಕೆ ಕತ್ತರಿಸಿ. ತೀರ ಹಳೆಯ ದಪ್ಪ ಕಾಂಡಗಳನ್ನು ಒಮ್ಮೆಲೇ ಕಡಿಯಬೇಡಿ. ವರ್ಷಕ್ಕೆ ಒಂದರಂತೆ ಬುಡದಿಂದ ತೆಗೆದರೆ ಎರಡು ಮೂರು ವರ್ಷಕ್ಕೆ ಗಿಡ ಪೂರ್ತಿ ಹೊಸದಾಗುತ್ತದೆ.

ಕಸಿ ಗಿಡವಾದರೆ ಇನ್ನೊಂದು ಎಚ್ಚರ ಬೇಕು. ಕಸಿಯ ಗಂಟಿನ ಕೆಳಗಿಂದ ಏಳುವ ಚಿಗುರು ಬೇರುಗಿಡದ್ದು. ಅದನ್ನು ಬಿಟ್ಟರೆ ಮೇಲಿನ ಒಳ್ಳೆಯ ಜಾತಿ ಸೊರಗುತ್ತದೆ. "ಮೊದಲು ಕೆಂಪು ಹೂ ಬಿಡುತ್ತಿತ್ತು, ಈಗ ಬೇರೆಯೇ ಬಣ್ಣ" ಎನ್ನುವವರ ಗಿಡದಲ್ಲಿ ಬಹುಮಟ್ಟಿಗೆ ಆಗಿರುವುದು ಇದೇ.

ನೆಲ, ಗೊಬ್ಬರ

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗಿಡಕ್ಕೆ ಕಬ್ಬಿಣಾಂಶ ಸಿಗುತ್ತಿಲ್ಲವೆಂದು ತಿಳಿಯಿರಿ. ತಾಂಡೂರಿನ ಫರಸಿ ಸುಣ್ಣದ ಕಲ್ಲೇ ಆದ್ದರಿಂದ ಆ ಕಡೆಯ ನೆಲದಲ್ಲಿ ಇದು ಹೆಚ್ಚು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಕೆಲವು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಜೋಕೆ. ಗುಲಾಬಿಗೆ ಎಲುಬಿನ ಪುಡಿ ಹಾಕಿ ಎನ್ನುವವರಿದ್ದಾರೆ. ನಮ್ಮ ಮನೆಗಳಿಗೆ ಅದು ಸಲ್ಲದು, ಗಿಡಕ್ಕೂ ಅದೇ ಬೇಕೆಂದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಶೇಂಗಾ ಹಿಂಡಿ ಸಾಕು. ಬೇರು ಕಾಣುವಂತೆ ಅಗೆಯುವ ಪದ್ಧತಿ ಸೊರಗಿದ ಗಿಡಕ್ಕೆ ಒಳ್ಳೆಯದಲ್ಲ. ಮಣ್ಣಿನ ಜೀವಿಗಳಿಗಂತೂ ಅಲ್ಲ.

ಚಿಗುರಿಗೆ ಹೇನು ಕಂಡ ಕೂಡಲೇ ವಿಷಕ್ಕೆ ಓಡಬೇಡಿ. ಅವುಗಳನ್ನು ತಿನ್ನಲು ಗುಲಗಂಜಿ ಹುಳು ತಾನಾಗಿ ಬರುತ್ತದೆ; ವಿಷ ಹೊಡೆದರೆ ಅದೂ ಸಾಯುತ್ತದೆ.

ಹೊಸ ಚಿಗುರು ಬರುವವರೆಗೆ ನೀರು ಮಿತವಾಗಿರಲಿ. ಆರೇಳು ವಾರಕ್ಕೆ ಮೊಗ್ಗು ಬಿರಿಯುತ್ತದೆ. ಪೂಜೆಗೆ ಹೂ ಏರಿಸುವ ಮನೆಗಳಿವೆ, ಹೂವಿನ ಬದಲು ಕೇಸರಿ ಅಕ್ಷತೆ ಏರಿಸುವ ಮನೆಗಳೂ ಇವೆ. ಅಂಥವರ ಅಂಗಳದಲ್ಲಿ ಹೂ ಗಿಡದ ಮೇಲೆಯೇ ಇದ್ದು ಉದುರಲಿ. ಈ ಕೆಲಸವನ್ನು ಮನೆಯ ಮಕ್ಕಳ ಜೊತೆ ಮಾಡಿ. ಯಾವ ಟೊಂಗೆಯನ್ನು ಏಕೆ ಬಿಟ್ಟೆವು ಎಂಬುದನ್ನೂ ಅವರಿಗೆ ಹೇಳಿ.