ಬರಗಾಲದ ಕೂಲಿ ಕಟ್ಟಿದ ಗಡಿಸೀಮೆ: ಹೆಸರಿಲ್ಲದ ಕಾಮಗಾರಿಗಳ ಪರಂಪರೆ

ಹಾಲಹರವಿ, ಆಲೂರು, ಆದವಾನಿ ಸೀಮೆಗೆ ಬರಗಾಲವೆಂದರೆ ಮಳೆ ಕೈಕೊಟ್ಟ ವರ್ಷ ಮಾತ್ರವಲ್ಲ; ಹೊಲದ ಆಳು ಸರ್ಕಾರದ ಕೂಲಿಯಾದ ವರ್ಷವೂ ಹೌದು. ಪೈರು ಒಣಗಿದಾಗ ಇಲ್ಲಿಯ ಜನ ಕಲ್ಲು ಒಡೆದು, ಮಣ್ಣು ಹೊತ್ತು, ರಸ್ತೆ ಹಾಕಿ ಜೀವ ಹಿಡಿದುಕೊಂಡರು. ಆ ಕಾಮಗಾರಿಗಳು ಹುಟ್ಟಿದ ಬಗೆ, ಅವು ಉಳಿಸಿದ್ದು ಮತ್ತು ಅವುಗಳ ನೆನಪು ಚದುರಿದ ಕಾರಣ, ಈ ಮೂರನ್ನೂ ಗಡಿ ಕನ್ನಡಿಗರು ಅರಿಯಬೇಕಾಗಿದೆ.

ಧಾತು–ಈಶ್ವರ ಬರ

1876–78ರ ಮಹಾಕ್ಷಾಮವನ್ನು ಹಿರಿಯರು ಸಂವತ್ಸರಗಳ ಹೆಸರಿನಿಂದ ‘ಧಾತು–ಈಶ್ವರ ಬರ’ ಎಂದು ಕರೆದರು. ಆಗ ಆದವಾನಿ ಮತ್ತು ಆಲೂರು ತಾಲ್ಲೂಕುಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1871 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಸಿಯಿತು.

ಮದ್ರಾಸಿನಿಂದ ರಾಯಚೂರಿನ ಕಡೆಗೆ ಹೋಗುವ ರೈಲುಮಾರ್ಗ ಬರಕ್ಕೆ ಮೊದಲೇ ಆದವಾನಿಯನ್ನು ಮುಟ್ಟಿತ್ತು. ರೈಲಿನಲ್ಲಿ ಧಾನ್ಯ ಬರಬಹುದಾಗಿತ್ತು. ಆದರೆ ಬೆಳೆ ಹೋದ ಕೂಲಿಕಾರನ ಕೈಯಲ್ಲಿ ಕೊಳ್ಳಲು ಕಾಸಿರಲಿಲ್ಲ. ಆದುದರಿಂದ ಹಸಿದವನಿಗೆ ಕೆಲಸ ಕೊಟ್ಟು ಕೂಲಿ ಕೊಡುವುದೇ ಪರಿಹಾರದ ಮುಖ್ಯ ಮಾರ್ಗವಾಯಿತು.

ಆ ಕೂಲಿಯಾದರೂ ಎಷ್ಟು? 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದರು. ದುಡಿಯುವ ದೇಹಕ್ಕೆ ಅದು ಸಾಲದೆಂದು ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಶ್ ಬಲವಾಗಿ ವಿರೋಧಿಸಿದ ಮೇಲೆ, ಅದೇ ವರ್ಷ ಮದ್ರಾಸ್ ಸರ್ಕಾರ ಕೂಲಿಯನ್ನು ಹೆಚ್ಚಿಸಿತು.

ಪರೀಕ್ಷೆಯೋ, ನಿರ್ಮಾಣವೋ?

ಈ ದುರಂತದ ಬಳಿಕ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ನೀಡಿತು. ಅದರ ಬೆನ್ನಿಗೆ ಪ್ರಾಂತಗಳಲ್ಲಿ ಕ್ಷಾಮ ಸಂಹಿತೆಗಳು ರೂಪುಗೊಂಡವು. ಯಾವ ಹಂತದಲ್ಲಿ ಕೆಲಸ ತೆರೆಯಬೇಕು, ಯಾರಿಗೆ ಎಷ್ಟು ಕೂಲಿ, ದುಡಿಯಲಾಗದ ವೃದ್ಧರಿಗೂ ಅಶಕ್ತರಿಗೂ ಏನು ನೆರವು ಎಂಬುದನ್ನು ಅವು ಲಿಖಿತಗೊಳಿಸಿದವು. ಬರ ಬರುವ ಮೊದಲೇ ಕಾಮಗಾರಿಗಳ ಪಟ್ಟಿ ಸಿದ್ಧವಿರಬೇಕೆಂಬ ನಿಯಮವೂ ಬಂತು.

ಆದರೂ ಅಧಿಕಾರಿಗಳ ದೃಷ್ಟಿಯಲ್ಲಿ ಕೆಲಸಕ್ಕೆ ಎರಡು ಉದ್ದೇಶಗಳಿದ್ದವು. ಒಂದು, ಊರಿಗೆ ಉಪಯೋಗವಾಗುವ ನಿರ್ಮಾಣ. ಇನ್ನೊಂದು, ಹಸಿವಿನ ಪರೀಕ್ಷೆ: ನಿಜವಾಗಿ ಗತಿಯಿಲ್ಲದವನು ಮಾತ್ರ ಬಿಸಿಲಿನಲ್ಲಿ ಕಲ್ಲು ಒಡೆಯಲು ಬರುತ್ತಾನೆ ಎಂಬ ಎಣಿಕೆ. ಎರಡನೆಯ ಉದ್ದೇಶ ಮೇಲುಗೈ ಪಡೆದ ಕಡೆ ಉಳಿಯುವುದು ಜಲ್ಲಿಯ ರಾಶಿ ಮಾತ್ರ. ಸ್ಥಳವನ್ನರಿತು ಮೊದಲೇ ಯೋಜಿಸಿದ ಕಡೆ ರಸ್ತೆ, ಬಾವಿ, ಕೆರೆಯ ಏರಿ ಉಳಿಯುತ್ತವೆ.

ನಮ್ಮ ಸೀಮೆಯಲ್ಲಿ ರಸ್ತೆಗೆ ವಿಶೇಷ ಬೆಲೆಯಿತ್ತು. ಆಲೂರು ತಾಲ್ಲೂಕಿನ ಬಹುಭಾಗ ಎರೆನೆಲ. ಬೇಸಿಗೆಯಲ್ಲಿ ಬಿರಿದು, ಮಳೆಯಲ್ಲಿ ಗಾಲಿಯನ್ನು ಕಚ್ಚಿ ಹಿಡಿಯುವ ಈ ಮಣ್ಣಿನಲ್ಲಿ ಜಲ್ಲಿ ಹಾಕದ ದಾರಿಯಲ್ಲಿ ಬಂಡಿ ಸಾಗದು. ಮಟ್ಟಸವಾದ ಎರೆಬಯಲು ಕೆರೆ ಕಟ್ಟಲು ಒಗ್ಗುವುದೂ ಕಡಿಮೆ.

ಮಗ್ಗಕ್ಕೆ ದೊರೆತ ನೆರವು

ಕ್ಷಾಮ ಪರಿಹಾರದಲ್ಲಿ ಹೆಚ್ಚು ಪ್ರಚಾರ ಪಡೆಯದ ಒಂದು ವಿವೇಕವಿತ್ತು: ನೇಕಾರನಿಗೆ ಗುದ್ದಲಿಯ ಬದಲು ನೂಲು ಕೊಡುವುದು. ಸರ್ಕಾರ ನೂಲು ಒದಗಿಸಿ, ನೇಯ್ದ ಬಟ್ಟೆಗೆ ಕೂಲಿ ಕೊಟ್ಟು, ಬಟ್ಟೆಯನ್ನು ತಾನೇ ಪಡೆಯುತ್ತಿತ್ತು. ಕಲ್ಲು ಒಡೆದು ಒರಟಾದ ಕೈ ಮತ್ತೆ ಎಳೆ ಹಿಡಿಯುವುದು ಕಷ್ಟ. ಕಸುಬು ಒಮ್ಮೆ ಮುರಿದರೆ ಮನೆತನದ ವಿದ್ಯೆಯೇ ಹೋಗುತ್ತದೆ. ಹತ್ತಿಯ ಜಮಖಾನಗಳಿಗೆ ಹೆಸರಾಗಿದ್ದ ಆದವಾನಿಯಂಥ ಊರಿಗೆ ಈ ವಿಚಾರ ದೂರದ್ದಲ್ಲ. ಮುಂದೆ 1938ರಲ್ಲಿ, ಅಂದು ಇದೇ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ಮಗ್ಗದ ಕಸುಬನ್ನು ನೇಕಾರರ ಸಂಘಟನೆಯ ಬಲದಿಂದಲೇ ಕಾಪಾಡುವ ದಾರಿ ಅದು.

ಅಮೆರಿಕದಲ್ಲಿಯೂ 1935ರಿಂದ ನಿರುದ್ಯೋಗ ಪರಿಹಾರದ ಭಾಗವಾಗಿ ಸರ್ಕಾರ ಕಲಾವಿದರಿಗೆ ಕೂಲಿ ಕೊಟ್ಟಿತು. ನ್ಯೂ ಮೆಕ್ಸಿಕೊದಂಥ ಮರುಭೂಮಿ ರಾಜ್ಯಗಳಲ್ಲಿಯೂ ಸಾರ್ವಜನಿಕ ಕಟ್ಟಡಗಳಿಗೆ ಆಗ ಭಿತ್ತಿಚಿತ್ರಗಳು ಬಂದವು. ಅಲ್ಲಿಯ ಎಷ್ಟೋ ಪಾದಚಾರಿ ಮಾರ್ಗಗಳ ಮೇಲೆ ಆ ಯೋಜನೆಯ ಮುದ್ರೆಯೂ ಇಸವಿಯೂ ಇಂದಿಗೂ ಕಾಣುತ್ತವೆ. ನಮ್ಮ ಮಹಾಕ್ಷಾಮದ ಪ್ರಸಿದ್ಧ ಚಿತ್ರಗಳೆಂದರೆ ಡಬ್ಲ್ಯು. ಡಬ್ಲ್ಯು. ಹೂಪರ್ ಎಂಬ ಸೇನಾಧಿಕಾರಿ ಮದ್ರಾಸ್ ಪ್ರಾಂತದಲ್ಲಿ ತೆಗೆದ ಛಾಯಾಚಿತ್ರಗಳು. ಅವುಗಳಲ್ಲಿ ಎಲುಬುಗೂಡಾದ ದೇಹಗಳಿವೆ. ದಾರಿ ನಿರ್ಮಿಸಿದ ಕೈಗಳ ಕಥೆಯಿಲ್ಲ.

1953ರ ಗೆರೆ

1953ರಲ್ಲಿ ಎರಡು ಘಟನೆಗಳು ಒಟ್ಟಿಗೆ ಕೂಡಿಬಂದವು. ಈ ಬರಪೀಡಿತ ಸೀಮೆಯ ಶಾಶ್ವತ ಪರಿಹಾರವೆಂದು ದಶಕಗಳ ಕಾಲ ಬೇಡಲಾಗಿದ್ದ, 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಯೋಜನೆಯಿಂದ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿ, ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು. ಕೆಳಮಟ್ಟದ ಕಾಲುವೆಯ ನೀರು ಗಡಿ ದಾಟಿ ಈ ಕಡೆಗೆ ಬಂತು. ದಾಖಲೆಗಳ ಎಳೆ ಮಾತ್ರ ಕಡಿಯಿತು. ಮದ್ರಾಸ್ ಸರ್ಕಾರದ ಹಳೆಯ ಕಡತಗಳು ಚೆನ್ನೈನ ಪತ್ರಾಗಾರದಲ್ಲಿವೆ. ಹಳೆಯ ಜಿಲ್ಲಾಕೇಂದ್ರ ಬಳ್ಳಾರಿ ಇಂದು ಕರ್ನಾಟಕದಲ್ಲಿದೆ. ನಮ್ಮ ಆಡಳಿತ ಕರ್ನೂಲಿನಿಂದ ತೆಲುಗಿನಲ್ಲಿ ನಡೆಯುತ್ತದೆ. ದುಡಿದವರ ಮನೆಮಾತಾದ ಕನ್ನಡದಲ್ಲಿ ಆ ಚರಿತ್ರೆಯನ್ನು ಬರೆದಿಡುವ ಹೊಣೆ ಯಾವ ಕಚೇರಿಗೂ ಸೇರಲಿಲ್ಲ.

ಇಂದಿನ ಪ್ರಶ್ನೆ

ಕ್ಷಾಮ ಸಂಹಿತೆಯಲ್ಲಿ ಕೆಲಸ ಸರ್ಕಾರದ ಕೃಪೆಯಾಗಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿಸಿತು. 2006ರ ಫೆಬ್ರವರಿ 2ರಂದು ಆ ಯೋಜನೆಗೆ ಚಾಲನೆ ದೊರೆತದ್ದು ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆದರೂ ಪಶ್ಚಿಮ ಕರ್ನೂಲಿನ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ವಲಸೆ ಹೋಗುವುದು ನಿಂತಿಲ್ಲ. ತಂದೆತಾಯಿಯೊಡನೆ ಮಕ್ಕಳೂ ಹೊರಟರೆ ಶಾಲೆಯ ಹಾಜರಿ ಇಳಿಯುತ್ತದೆ. ಮೊದಲೇ ಮಕ್ಕಳ ಸಂಖ್ಯೆ ಕಡಿಮೆಯಿರುವ ಕನ್ನಡ ಮಾಧ್ಯಮದ ತರಗತಿಗಳಿಗೆ ಇದರ ಪೆಟ್ಟು ಹೆಚ್ಚು. ಆದುದರಿಂದ ಊರಿನ ಹತ್ತಿರವೇ, ಸುಗ್ಗಿ ಮುಗಿದು ವಲಸೆ ಹೊರಡುವ ಮೊದಲೇ ಕೆಲಸ ತೆರೆಯಬೇಕೆಂದು ಕೇಳುವುದು ನಮ್ಮ ಭಾಷೆಯ ಉಳಿವಿನ ಪ್ರಶ್ನೆಯೂ ಆಗಿದೆ.

ಇದಕ್ಕೆ ಗ್ರಾಮಸಭೆಯೇ ಸರಿಯಾದ ವೇದಿಕೆ. ಯಾವ ಹಳ್ಳಕ್ಕೆ ತಡೆಗಟ್ಟೆ ಬೇಕು, ಯಾವ ಹೊಲದ ದಾರಿಗೆ ಜಲ್ಲಿ ಬೇಕು ಎಂಬ ಪಟ್ಟಿಯನ್ನು ಬರಕ್ಕೆ ಮೊದಲೇ ಮಂಡಿಸಬೇಕು. ಕನ್ನಡ ಶಾಲೆಗಳ ಶಿಕ್ಷಕರು ಮಕ್ಕಳಿಂದ ಊರಿನ ಹಿರಿಯರನ್ನು ಮಾತನಾಡಿಸಿ, ಯಾವ ರಸ್ತೆ, ಯಾವ ಬಾವಿ ಯಾವ ಬರದಲ್ಲಿ ಆಯಿತು, ಯಾರ ಮನೆಯವರು ದುಡಿದರು ಎಂಬುದನ್ನು ಬರೆಯಿಸಬಹುದು. ಇದಕ್ಕೆ ಅನುದಾನ ಬೇಕಿಲ್ಲ. ಹಿರಿಯರು ನಮ್ಮೊಡನೆ ಇರುವಾಗಲೇ ಕೆಲಸ ಆರಂಭವಾಗಬೇಕು.