ಕೆಲವು ಮಕ್ಕಳಿಗೆ ನಿಶ್ಶಬ್ದವೇ ಏಕೆ ಅಡ್ಡಿ?

ಓದುವ ಕೋಣೆಯಲ್ಲಿ ನಿಶ್ಶಬ್ದವಿರಬೇಕೆಂಬುದು ಪೋಷಕರೂ ಶಿಕ್ಷಕರೂ ಪ್ರಶ್ನಿಸದೆ ಪಾಲಿಸಿಕೊಂಡು ಬಂದಿರುವ ನಿಯಮ. ಪರೀಕ್ಷೆ ಸಮೀಪಿಸುತ್ತಿದ್ದಂತೆ ಮನೆಯ ಟಿ.ವಿ. ಮೌನವಾಗುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಆದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ಅಂದರೆ ಎಡಿಎಚ್‌ಡಿ ಇರುವ ಕೆಲವರು ಆ ಮುಚ್ಚಿದ ಬಾಗಿಲಿನ ಹಿಂದೆ ಒಂದು ಪುಟವನ್ನೂ ಮುಗಿಸಲಾರರು. ಫ್ಯಾನಿನ ಗುಂಯ್‌ಗುಡುವಿಕೆಯೋ ಮಳೆಯ ಸದ್ದೋ ಕಿವಿಗೆ ಬೀಳುತ್ತಿದ್ದರೆ ಅವರೇ ಗಂಟೆಗಟ್ಟಲೆ ಕುಳಿತು ಕೆಲಸ ಮಾಡಬಲ್ಲರು. ಇದನ್ನು ಸೋಮಾರಿತನದ ನೆಪವೆಂದು ಬೈದು ಇಯರ್‌ಫೋನ್ ಕಸಿದುಕೊಳ್ಳುವ ಮುನ್ನ, ಕಳೆದ ಎರಡು ದಶಕಗಳ ಸಂಶೋಧನೆ ಏನನ್ನು ಕಂಡುಕೊಂಡಿದೆ ಎಂಬುದನ್ನು ತಿಳಿಯುವುದು ಒಳಿತು.

ಈ ಕುರಿತ ಚರ್ಚೆಗೆ ಬಲ ಬಂದದ್ದು 2007ರಲ್ಲಿ. ಸ್ವೀಡನ್ನಿನ ಗೋರಾನ್ ಸೋಡರ್‌ಲುಂಡ್ ಮತ್ತು ಸಂಗಡಿಗರು ಎಡಿಎಚ್‌ಡಿ ಇರುವ ಹಾಗೂ ಇಲ್ಲದ ಮಕ್ಕಳಿಗೆ ನೆನಪಿನ ಪರೀಕ್ಷೆಯೊಂದನ್ನು ನೀಡಿದರು. ಒಮ್ಮೆ ನಿಶ್ಶಬ್ದದಲ್ಲಿ, ಮತ್ತೊಮ್ಮೆ ವೈಟ್ ನಾಯ್ಸ್ ನಡುವೆ. ಟ್ಯೂನ್ ಆಗದ ರೇಡಿಯೋದಿಂದ ಬರುವ 'ಶ್‌ಶ್' ಎಂಬ ಸದ್ದೇ ಈ ವೈಟ್ ನಾಯ್ಸ್. ಸದ್ದಿನ ನಡುವೆ ಎಡಿಎಚ್‌ಡಿ ಮಕ್ಕಳ ಸಾಧನೆ ಸುಧಾರಿಸಿತು. ಉಳಿದ ಮಕ್ಕಳ ಸಾಧನೆ ಕುಸಿಯಿತು. ಅದೇ ಸದ್ದು ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಉಪದ್ರವ.

ಹೀಗೇಕೆ ಎಂಬುದಕ್ಕೆ ಸೋಡರ್‌ಲುಂಡ್ ಅವರು ಸ್ವೆರ್ಕರ್ ಸಿಕ್‌ಸ್ಟ್ರೋಮ್ ಜತೆಗೂಡಿ ಅದೇ ವರ್ಷ ಒಂದು ವಿವರಣೆಯನ್ನು ಮುಂದಿಟ್ಟರು. ಅದರ ಬೇರು ಇರುವುದು ಮನೋವಿಜ್ಞಾನದಲ್ಲಲ್ಲ, ಭೌತವಿಜ್ಞಾನದಲ್ಲಿ ಎಂಬುದು ಕುತೂಹಲಕರ. ಭೂಮಿಯ ಹಿಮಯುಗಗಳು ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಮರುಕಳಿಸುವುದೇಕೆ ಎಂದು ವಿವರಿಸಲು ಇಟಲಿಯ ರೊಬೆರ್ಟೊ ಬೆಂಜಿ ಮತ್ತಿತರರು 1981ರಲ್ಲಿ 'ಸ್ಟೊಕಾಸ್ಟಿಕ್ ರೆಸೊನೆನ್ಸ್' ಎಂಬ ತತ್ತ್ವವನ್ನು ಮಂಡಿಸಿದ್ದರು. ಹೊಸ್ತಿಲನ್ನು ದಾಟಲಾಗದಷ್ಟು ದುರ್ಬಲವಾದ ಸಂಕೇತವೊಂದಕ್ಕೆ ಗೊತ್ತುಗುರಿಯಿಲ್ಲದ ಏರಿಳಿತ ಹಿತಮಿತವಾಗಿ ಸೇರಿದರೆ, ಆ ಸಂಕೇತವು ಆಗಾಗ ಹೊಸ್ತಿಲನ್ನು ದಾಟುತ್ತದೆ. ಏರಿಳಿತ ಅತಿಯಾದರೆ ಸಂಕೇತವೇ ಮುಳುಗಿಹೋಗುತ್ತದೆ. ಪ್ಯಾಡಲ್‌ಫಿಶ್ ಎಂಬ ಮೀನು ತನ್ನ ಸೂಕ್ಷ್ಮ ಆಹಾರಜೀವಿಗಳನ್ನು ಅವುಗಳ ವಿದ್ಯುತ್ ಸಂಕೇತದಿಂದ ಪತ್ತೆ ಹಚ್ಚುತ್ತದೆ. ನೀರಿನಲ್ಲಿ ಮಿತವಾದ ವಿದ್ಯುತ್ ಗದ್ದಲ ಉಂಟುಮಾಡಿದಾಗ ಅದರ ಬೇಟೆ ಇನ್ನಷ್ಟು ಸಫಲವಾದದ್ದನ್ನು ಅಮೆರಿಕದ ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು.

ಎಡಿಎಚ್‌ಡಿ ಇರುವವರ ಮಿದುಳಿನಲ್ಲಿ ಡೋಪಮೈನ್ ರಾಸಾಯನಿಕದ ಮೂಲ ಮಟ್ಟವೇ ಕಡಿಮೆ, ಹೀಗಾಗಿ ಅಲ್ಲಿ ಒಳಗಿನ 'ಗದ್ದಲ'ವೂ ಕಡಿಮೆ. ಆ ಕೊರತೆಯನ್ನು ಹೊರಗಿನ ಸದ್ದು ತುಂಬಿಕೊಡುತ್ತದೆ ಎಂಬುದು ಸ್ವೀಡನ್ ಸಂಶೋಧಕರ ವಾದ. ವಾದ ಸೊಗಸಾಗಿದೆ, ಆದರೆ ಇತ್ಯರ್ಥವಾಗಿಲ್ಲ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಏರಿಳಿತವೇ ಇಲ್ಲದ ಒಂದೇ ಶ್ರುತಿಯ ಸದ್ದನ್ನೂ ಪ್ರಯೋಗಿಸಿ ನೋಡಿದ್ದಾರೆ. ಅದಕ್ಕೂ ಮಿದುಳು ಸ್ಪಂದಿಸಿದ್ದರಿಂದ, ಸದ್ದು ಕೇವಲ ಎಚ್ಚರದ ಮಟ್ಟವನ್ನು ಏರಿಸುತ್ತಿರಬಹುದೇ ಎಂಬ ಪ್ರಶ್ನೆ ಎದ್ದಿದೆ.

ಹಾಗಾದರೆ ಪ್ರಯೋಜನದ ಪ್ರಮಾಣವೆಷ್ಟು? ಅಮೆರಿಕದ ಒರೆಗಾನ್ ಹೆಲ್ತ್ ಅಂಡ್ ಸೈನ್ಸ್ ವಿಶ್ವವಿದ್ಯಾಲಯದ ಜೋಯಲ್ ನಿಗ್ ಮತ್ತು ತಂಡ 2024ರಲ್ಲಿ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಎಡಿಎಚ್‌ಡಿ ಅಥವಾ ಅದರ ತೀವ್ರ ಲಕ್ಷಣಗಳಿರುವ ಮಕ್ಕಳು ಮತ್ತು ಯುವಜನರಿಗೆ ವೈಟ್ ಹಾಗೂ ಪಿಂಕ್ ನಾಯ್ಸ್‌ನಿಂದ ಪ್ರಯೋಜನವಿದೆ, ಆದರೆ ಅದು ಸಣ್ಣದು ಎಂಬುದು ಅದರ ತೀರ್ಮಾನ. ಸಮಸ್ಯೆಯಿಲ್ಲದವರಲ್ಲಿ ಬಹುತೇಕ ಅಷ್ಟೇ ಪ್ರಮಾಣದ ಹಾನಿ ಕಂಡುಬಂದಿತು. ಒಂದೇ ಕೋಣೆಯಲ್ಲಿ ಓದುವ ಅಣ್ಣ-ತಂಗಿಯರಿರುವ ಮನೆಗೂ, ಐವತ್ತು ಮಕ್ಕಳಿರುವ ತರಗತಿಗೂ ಈ ಎರಡನೆಯ ಅಂಶವೇ ಹೆಚ್ಚು ಮುಖ್ಯ. ಸ್ಪೀಕರಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸುವ ಉಪಾಯ ಇದಲ್ಲ.

ಇಂಟರ್‌ನೆಟ್ಟಿನಲ್ಲಿ 2022ರಿಂದೀಚೆಗೆ ಭಾರಿ ಪ್ರಚಾರ ಪಡೆದಿರುವ 'ಬ್ರೌನ್ ನಾಯ್ಸ್' ಬಗ್ಗೆ ಒಂದೆರಡು ಮಾತು. ಜಲಪಾತದ ಮೊರೆತವನ್ನು ಹೋಲುವ ಈ ಸದ್ದಿನ ಹೆಸರಿಗೂ ಕಂದು ಬಣ್ಣಕ್ಕೂ ಸಂಬಂಧವಿಲ್ಲ. ಬ್ರೌನಿಯನ್ ಚಲನೆಯನ್ನು ಗುರುತಿಸಿದ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರಿಂದ ಬಂದ ಹೆಸರದು. ಇದರಲ್ಲಿ ತಗ್ಗಿನ ಸ್ವರಗಳು ಪ್ರಬಲವಾಗಿದ್ದು, ಮೇಲಿನ ಸ್ವರಗಳ ಶಕ್ತಿ ಪ್ರತಿ ಸಪ್ತಕಕ್ಕೂ 6 ಡೆಸಿಬಲ್‌ನಂತೆ ಇಳಿಯುತ್ತದೆ. ಆದ್ದರಿಂದಲೇ ಅನೇಕರಿಗೆ ಇದು ವೈಟ್ ನಾಯ್ಸ್‌ಗಿಂತ ಹಿತವೆನಿಸುತ್ತದೆ. ಆದರೆ ನಿಗ್ ತಂಡಕ್ಕೆ ಬ್ರೌನ್ ನಾಯ್ಸ್ ಕುರಿತ ಒಂದೇ ಒಂದು ಅಧ್ಯಯನವೂ ದೊರೆಯಲಿಲ್ಲ. 'ಎಡಿಎಚ್‌ಡಿಗೆ ರಾಮಬಾಣ' ಎಂಬ ತಲೆಬರಹದ ವಿಡಿಯೊಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕು.

ಹಾಡು ಕೇಳುತ್ತಾ ಓದುವುದು ಬೇರೆಯೇ ವಿಚಾರ. ಅರ್ಥವಾಗುವ ಭಾಷೆಯ ಮಾತು ಕಿವಿಗೆ ಬಿದ್ದರೆ ಓದುವ ಸಾಲುಗಳೊಂದಿಗೆ ಅದು ಪೈಪೋಟಿಗಿಳಿಯುತ್ತದೆ. ಗಣಿತದ ಲೆಕ್ಕ ಮಾಡುವಾಗ ಹಾಡು ನೆರವಾಗಬಹುದು. ಇತಿಹಾಸದ ಪಾಠ ಓದುವಾಗ ಸಾಹಿತ್ಯವಿಲ್ಲದ ವಾದ್ಯಸಂಗೀತವೇ ಮೇಲು. ಅಂತೆಯೇ ಪಕ್ಕದ ಕೋಣೆಯ ಧಾರಾವಾಹಿಯ ಸಂಭಾಷಣೆಯನ್ನು ಹಿನ್ನೆಲೆ ಸದ್ದೆಂದು ಪರಿಗಣಿಸುವಂತಿಲ್ಲ.

ಇದನ್ನು ಚಿಕಿತ್ಸೆಗೆ ಬದಲಿ ಎಂದು ಯಾರೂ ಭಾವಿಸಬಾರದು. ಸಮಸ್ಯೆ ಇದೆಯೇ ಎಂಬುದನ್ನು ನಿರ್ಧರಿಸಬೇಕಾದವರು ಮನೋವೈದ್ಯರು. ಔಷಧ, ಪೋಷಕರ ತರಬೇತಿ, ಶಾಲೆಯ ಸಹಕಾರ ಇವುಗಳ ಜಾಗದಲ್ಲಿ ಸದ್ದು ನಿಲ್ಲಲಾರದು. ಅದು ಹೆಚ್ಚೆಂದರೆ ಊರುಗೋಲು. ಆದರೂ ಕಾಸಿನ ಖರ್ಚಿಲ್ಲದ ಈ ಊರುಗೋಲನ್ನು ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ. ಒಂದೇ ಬಗೆಯ ಲೆಕ್ಕಗಳನ್ನು ಕೆಲವು ದಿನ ಸದ್ದಿನೊಂದಿಗೆ, ಕೆಲವು ದಿನ ಸದ್ದಿಲ್ಲದೆ ಮಾಡಿಸಿ, ಎಷ್ಟು ಸರಿಯಾಯಿತು ಎಂದು ಬರೆದಿಟ್ಟರೆ ಆ ಮಗುವಿಗೆ ಏನು ಹೊಂದುತ್ತದೆಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಎಚ್ಚರ ವಹಿಸಬೇಕಾದದ್ದು ಸದ್ದಿನ ಮಟ್ಟದ ಬಗ್ಗೆ. ಪ್ರಯೋಗಾಲಯಗಳಲ್ಲಿ ಬಳಸಿದ್ದು ಸುಮಾರು 80 ಡೆಸಿಬಲ್‌ಗೆ ಹತ್ತಿರದ ಸದ್ದನ್ನು, ಅದೂ ಅಲ್ಪ ಹೊತ್ತು. ದಿನವಿಡೀ ಆಲಿಸುವವರಿಗೆ ಆ ಮಟ್ಟ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಾರಕ್ಕೆ 40 ಗಂಟೆ ಆಲಿಸುವುದಾದರೆ ವಯಸ್ಕರಿಗೆ 80, ಮಕ್ಕಳಿಗೆ 75 ಡೆಸಿಬಲ್ ಮಿತಿ. ಮೊಬೈಲಿನ ಧ್ವನಿಯನ್ನು ಶೇ. 60ಕ್ಕಿಂತ ಕೆಳಗೆ ಇರಿಸಬೇಕು, ನಡುನಡುವೆ ಕಿವಿಗೆ ಬಿಡುವು ಕೊಡಬೇಕು. ಮಗು ಓದುತ್ತಿರುವಾಗ ಇಯರ್‌ಫೋನಿನ ಸದ್ದು ಪಕ್ಕದಲ್ಲಿ ಕುಳಿತವರಿಗೂ ಕೇಳಿಸುವಂತಿದ್ದರೆ ಅದನ್ನು ತಗ್ಗಿಸಲೇಬೇಕು.