ರಿಪೇರಿ ಅಂಗಡಿಯ ಕಾಣದ ಖರ್ಚು

ಬೆಂಗಳೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ 2023ರಲ್ಲಿ ತೆರೆದ ಗೃಹೋಪಕರಣಗಳ ರಿಪೇರಿ ಅಂಗಡಿಯೊಂದು ಎಂಟೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಅದನ್ನು ತೆರೆದ ಯುವಕ ಮೈಗಳ್ಳನಲ್ಲ, ಕೆಲಸ ಬಾರದವನೂ ಅಲ್ಲ. ಐಟಿಐನಲ್ಲಿ ಫ್ರಿಜ್, ಹವಾನಿಯಂತ್ರಕಗಳ ದುರಸ್ತಿ ಕಲಿತು, ಕಂಪೆನಿಯೊಂದರ ಸೇವಾ ಕೇಂದ್ರದಲ್ಲಿ ಏಳು ವರ್ಷ ದುಡಿದು ಪಳಗಿದ್ದವನು. ಸಾಲಕ್ಕಾಗಿ ಬ್ಯಾಂಕಿಗೆ ಸಲ್ಲಿಸಿದ ಯೋಜನಾ ವರದಿಯನ್ನು ಬರೆದುಕೊಟ್ಟವನು ನಾನು. ಹಾಗಾಗಿ ಆ ಸೋಲಿನಲ್ಲಿ ನನಗೂ ಪಾಲಿದೆ.

ಸರ್ಕಾರಿ ಸೇವೆಯಲ್ಲಿದ್ದಾಗ ಇಂಥ ವರದಿಗಳನ್ನು ನೂರಾರು ಓದಿದ್ದೇನೆ. 1993ರಲ್ಲಿ ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ ಆರಂಭವಾದ ಮೇಲೆ ಫಲಾನುಭವಿಗಳ ಆಯ್ಕೆ ಸಮಿತಿಯಲ್ಲಿ ಕುಳಿತು, ‘ಉಪಕರಣಗಳ ದರಪಟ್ಟಿ ತಂದಿದ್ದೀರಾ?’ ಎಂದು ಕೇಳುತ್ತಿದ್ದೆ. ಗಿರಾಕಿಗಳು ಕೂಡಿಕೊಳ್ಳುವವರೆಗೆ ಮನೆ ಹೇಗೆ ನಡೆಯುತ್ತದೆ ಎಂದು ಒಬ್ಬರನ್ನೂ ಕೇಳಿದ ನೆನಪಿಲ್ಲ.

ಅಂಗಡಿ ಮುಚ್ಚಿದ ವಾರ ಆ ಯುವಕ ತನ್ನ ಲೆಕ್ಕದ ಪುಸ್ತಕವನ್ನು ನನ್ನ ಮುಂದಿಟ್ಟ. ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ವ್ಯಾಕ್ಯೂಮ್ ಪಂಪ್, ಗ್ಯಾಸ್ ವೆಲ್ಡಿಂಗ್ ಸೆಟ್, ಡ್ರಿಲ್ಲಿಂಗ್ ಯಂತ್ರ, ಕೈ ಉಪಕರಣಗಳು ಎಲ್ಲ ಸೇರಿ 40 ಸಾವಿರ ರೂಪಾಯಿ. ತಿಂಗಳಿಗೆ 12 ಸಾವಿರ ಬಾಡಿಗೆಯ ಮಳಿಗೆಗೆ ಈ ಊರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್ 1.20 ಲಕ್ಷ. ರ‍್ಯಾಕು, ವೈರಿಂಗ್, ನಾಮಫಲಕಕ್ಕೆ 50 ಸಾವಿರ. ಬಿಡಿಭಾಗಗಳ ದಾಸ್ತಾನಿಗೆ 60 ಸಾವಿರ. ಹಳೆಯ ಸ್ಕೂಟರಿಗೆ 35 ಸಾವಿರ. ಒಟ್ಟು 3.05 ಲಕ್ಷ. ಮುದ್ರಾ ಯೋಜನೆಯ ಸಾಲ 2.50 ಲಕ್ಷ, ಉಳಿದದ್ದು ಸ್ವಂತ ಉಳಿತಾಯ. ಅಂಗಡಿಯ ಪೂಜೆಯ ದಿನ ಅವನ ಕೈ ಖಾಲಿಯಾಗಿತ್ತು.

ಅಸಲಿ ಖರ್ಚು ಶುರುವಾದದ್ದು ಮರುದಿನದಿಂದ. ಬಾಡಿಗೆ 12 ಸಾವಿರ, ಸಹಾಯಕನ ಸಂಬಳ 14 ಸಾವಿರ, ಪೆಟ್ರೋಲು, ವಿದ್ಯುತ್ತು, ಫೋನಿಗೆ ನಾಲ್ಕೂವರೆ ಸಾವಿರ, ಸಾಲದ ಕಂತು ಐದೂವರೆ ಸಾವಿರ. ತಿಂಗಳಿಗೆ 36 ಸಾವಿರ. ಬಿಡಿಭಾಗದ ಬೆಲೆ ಕಳೆದರೆ ಒಂದು ರಿಪೇರಿಯಲ್ಲಿ ಅವನಿಗೆ ಸರಾಸರಿ 400 ರೂಪಾಯಿ ಉಳಿಯುತ್ತಿತ್ತು. ಎಂದರೆ ತಿಂಗಳ ಮೊದಲ 90 ರಿಪೇರಿಗಳು ಅನ್ಯರ ಪಾಲು. ತಾನು 18 ಸಾವಿರ ಮನೆಗೊಯ್ಯಬೇಕಾದರೆ ಇನ್ನೂ 45 ಬೇಕು. 26 ದಿನಗಳಿಗೆ ಹಂಚಿದರೆ ದಿನಕ್ಕೆ ಐದಕ್ಕೂ ಹೆಚ್ಚು. ಅವನಿಗೆ ಮೊದಲ ಮೂರು ತಿಂಗಳು ಬಂದದ್ದು ದಿನಕ್ಕೆ ಎರಡು. ತಿಂಗಳಿಗೆ 15 ಸಾವಿರದಷ್ಟು ಕೊರತೆ ಬಿದ್ದಿತು. ಅದನ್ನು ತುಂಬಿದ್ದು ಹೆಂಡತಿಯ ಒಡವೆ.

ಪುಸ್ತಕದಲ್ಲಿ ನಮೂದಾಗದ ಖರ್ಚುಗಳೂ ಇದ್ದವು. ದುರಸ್ತಿಯಾದ ಮಿಕ್ಸಿಯನ್ನು ಒಯ್ಯಲು ಮಾಲೀಕರು ಬರುವುದೇ ಇಲ್ಲ. ಅದಕ್ಕೆ ಹಾಕಿದ ಬಿಡಿಭಾಗದ ಹಣ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ. ಸರಿಮಾಡಿದ ವಾಷಿಂಗ್ ಮಷಿನ್ ಹತ್ತು ದಿನದಲ್ಲಿ ಮತ್ತೆ ನಿಂತರೆ ಎರಡನೆಯ ಭೇಟಿ ಪುಕ್ಕಟೆ. ಕೆಪಾಸಿಟರ್, ಥರ್ಮೋಸ್ಟಾಟ್‌ಗಳು ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ಆದರೆ ಹೊಸ ಇನ್ವರ್ಟರ್ ಫ್ರಿಜ್ಜಿನ ಸರ್ಕ್ಯೂಟ್ ಬೋರ್ಡ್ ಅನೇಕ ಸಲ ಕಂಪೆನಿಯ ಅಧಿಕೃತ ಕೇಂದ್ರದಿಂದಾಚೆಗೆ ಬರುವುದಿಲ್ಲ. ಕೈಯಲ್ಲಿ ವಿದ್ಯೆ ಇದ್ದೂ ಗಿರಾಕಿಯನ್ನು ಹಿಂದಕ್ಕೆ ಕಳಿಸಬೇಕು. ‘ದುರಸ್ತಿಯ ಹಕ್ಕಿ’ನ ಕುರಿತು ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷಾಂತ್ಯದಲ್ಲಿ ಜಾಲತಾಣವನ್ನೂ ತೆರೆಯಿತು. ಬೀದಿಯ ರಿಪೇರಿಯವನ ಕೈಗೆ ಬಿಡಿಭಾಗ ದಕ್ಕದ ಹೊರತು ಆ ಹಕ್ಕು ಪೂರ್ಣವಾಗದು.

ತೆರಿಗೆಯ ವಿಚಾರವೂ ಇದೆ. ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದ ಸಣ್ಣ ಸೇವಾ ಉದ್ದಿಮೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ ನೋಂದಣಿಯಿಲ್ಲದವನು ಬಿಡಿಭಾಗ ಕೊಳ್ಳುವಾಗ ತೆತ್ತ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳುವಂತಿಲ್ಲ. ಅದೂ ಅಸಲಿನಲ್ಲೇ ಸೇರುತ್ತದೆ.

ಸಾಲದ ಬಾಗಿಲು ಇಂದು ಹಿಂದಿಗಿಂತ ವಿಶಾಲವಾಗಿದೆ ಎಂಬುದನ್ನು ಒಪ್ಪಬೇಕು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಅಡಮಾನ ಕೇಳುವುದಿಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆಂದು 15 ಸಾವಿರ ರೂಪಾಯಿ ನೆರವಿದೆ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಫ್ರಿಜ್, ಮಿಕ್ಸಿ ರಿಪೇರಿ ಇಲ್ಲ. ಇದ್ದಿದ್ದರೂ ಈ ಯುವಕನ ಕಷ್ಟ ಅಷ್ಟರಿಂದಲೇ ನೀಗುತ್ತಿರಲಿಲ್ಲ. ಆರಂಭದ 3.05 ಲಕ್ಷಕ್ಕೆ ಆರು ತಿಂಗಳ ಖರ್ಚು 2.16 ಲಕ್ಷ ಸೇರಿಸಿದರೆ 5.21 ಲಕ್ಷವಾಗುತ್ತದೆ. ಅದರಲ್ಲಿ ಉಪಕರಣಗಳ ಪಾಲು ಹದಿಮೂರರಲ್ಲಿ ಒಂದು. ಆ ಒಂದು ಪಾಲನ್ನಷ್ಟೇ ನಾವು ಬಂಡವಾಳವೆಂದು ಕರೆಯುತ್ತ ಬಂದಿದ್ದೇವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ‘ದುಡಿಯುವ ಬಂಡವಾಳ’ ಎಂಬ ಪದವನ್ನು ನಾನು ಬಾಯಿಪಾಠ ಮಾಡಿದ್ದೆ. ಕಾಯುವುದಕ್ಕೂ ಬೆಲೆಯಿದೆ ಎಂಬ ಅದರ ಅರ್ಥ ತಿಳಿದದ್ದು ಈ ಪುಸ್ತಕದಿಂದ. ಬ್ಯಾಂಕುಗಳು ಮೊದಲ ಆರು ತಿಂಗಳ ಖರ್ಚನ್ನೂ ಸಾಲದ ಲೆಕ್ಕಕ್ಕೆ ಸೇರಿಸಿ, ಕಂತನ್ನು ಅಷ್ಟು ಕಾಲ ಮುಂದೂಡಿದರೆ ಇಂಥ ಅನೇಕ ಅಂಗಡಿಗಳು ಉಳಿದಾವು. ನಗರ ಪಾಲಿಕೆಗಳು ತಮ್ಮ ವಾಣಿಜ್ಯ ಸಂಕೀರ್ಣಗಳ ಒಂದೆರಡು ಮಳಿಗೆಗಳನ್ನು ದೊಡ್ಡ ಮುಂಗಡವಿಲ್ಲದೆ ಇಂಥವರಿಗೆ ಕೊಡಬಹುದು.

ಆ ಯುವಕ ಈಗ ಮತ್ತೆ ಕಂಪೆನಿಯ ಕೆಲಸದಲ್ಲಿದ್ದಾನೆ. ಹಳೆಯ ಸಾಲದ ಕಂತು ತಪ್ಪಿಸಿಲ್ಲ. ಮೊನ್ನೆ ಬಂದು, ‘ಸಾರ್, ಇನ್ನೊಂದು ಸಲ ನೋಡೋಣ ಅಂತಿದ್ದೀನಿ. ರಿಪೋರ್ಟ್ ಬರೆದುಕೊಡ್ತೀರಾ?’ ಎಂದ. ಮೊದಲ ವರ್ಷ ಮಳಿಗೆ ಬೇಡ, ಮನೆಯಿಂದಲೇ ಸ್ಕೂಟರಿನಲ್ಲಿ ಹೋಗಿ ಗಿರಾಕಿಗಳನ್ನು ಕೂಡಿಸಿಕೋ ಎಂದು ಹೇಳಿ ಕಾಗದ ತೆಗೆದುಕೊಂಡೆ. ಈ ಬಾರಿ ಉಪಕರಣಗಳ ಪಟ್ಟಿಯನ್ನು ಕೊನೆಗಿಟ್ಟು, ಮೊದಲ ಸಾಲಿನಲ್ಲಿ ಅವನ ಮನೆಯ ಆರು ತಿಂಗಳ ಖರ್ಚನ್ನು ಬರೆದೆ.